ಅಳಿಯಂದಿರ ಅರ್ಧ ಬಕೆಟ್ ಬಿಸಿನೀರು

ನಮ್ಮ ಕಟ್ಟಡದ ಮೇಲಿನ ಮನೆಯಲ್ಲಿರುವ ಮಹನೀಯರಿಗೆ ತಂದೆತಾಯಿ ಒಳ್ಳೆಯ ಹೆಸರನ್ನೇ ಇಟ್ಟಿದ್ದಾರಂತೆ. ಅದನ್ನು ಬಳಸುವವರು ಮಾತ್ರ ಯಾರೂ ಇಲ್ಲ. ಇಡೀ ಬೀದಿಗೆ ಅವರು ಯೂನಿಟ್ಟಪ್ಪ. ವಿದ್ಯುತ್ ಕಚೇರಿಯ ಬಿಲ್ಲಿನ ಕೌಂಟರಿನಲ್ಲಿ ಕೂತು ಕೂತು ಕುರ್ಚಿಯ ಆಕಾರಕ್ಕೇ ಬಂದಿರುವ ಮನುಷ್ಯ. ನಾನು ಅದೇ ಕಟ್ಟಡದ ಕೆಳಗಿನ ಅಂಗಡಿಯಲ್ಲಿ ಹೊಲಿಗೆ ಮಷಿನ್ ತುಳಿಯುವವನು. ಅವರ ಪ್ಯಾಂಟಿನ ಸೊಂಟ ಬಿಚ್ಚಿ ವರ್ಷಕ್ಕೊಮ್ಮೆ ಅಗಲ ಮಾಡಿಕೊಡುವವನು ನಾನೇ. ಆದ್ದರಿಂದ ಅವರ ವಿಷಯದಲ್ಲಿ ನಾಲ್ಕು ಮಾತಾಡುವ ಅಧಿಕಾರ ನನಗಿದೆ.

ಯೂನಿಟ್ಟಪ್ಪನವರ ಬಳಿ ಎರಡು ಬಗೆಯ ಯೂನಿಟ್ ಇದ್ದವು. ಒಂದು ಕಚೇರಿಯದು, ಇನ್ನೊಂದು ಮನೆಯದು. ಕಚೇರಿಯ ಯೂನಿಟ್ ತೀರ ಚಿಕ್ಕದು. ಪ್ರತಿ ತಿಂಗಳೂ ನಾನು ಬಿಲ್ ಹಿಡಿದುಕೊಂಡು ಹೋಗಿ, "ಸಾರ್, ಒಂದು ಯೂನಿಟ್ ಜಾಸ್ತಿ ಬಂದಿದೆ" ಎನ್ನುತ್ತಿದ್ದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಒಂದು ಯೂನಿಟ್ಟಿಗೆ ಇಲ್ಲೀವರೆಗೂ ಬಂದ್ರಾ?" ಎನ್ನುತ್ತಿದ್ದರು. ಅಲ್ಲಿಗೆ ನನ್ನ ಅಹವಾಲು ಮುಗಿಯುತ್ತಿತ್ತು. ಮನೆಯ ಯೂನಿಟ್ ಹಾಗಲ್ಲ. ಅದು ಭಾರಿ ಗಾತ್ರದ್ದು, ಅದಕ್ಕಾಗಿ ಅವರು ಮನೆಯವರು ಕೂತಿದ್ದಂತೆಯೇ ದೀಪ ಆರಿಸುತ್ತಿದ್ದರು, ಫ್ಯಾನ್ ನಿಲ್ಲಿಸುತ್ತಿದ್ದರು, ಫ್ರಿಜ್ಜಿನ ಬಾಗಿಲು ತೆರೆದವರನ್ನು ಕಳ್ಳರನ್ನು ನೋಡಿದಂತೆ ನೋಡುತ್ತಿದ್ದರು.

ಹೀಗಿರುವಾಗ ಅವರ ಮನೆಗೆ ಅತ್ತೆ ಬಂದರು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತರಾದವರು. ದನಿ ಈಗಲೂ ಕೆಲಸ ಬಿಟ್ಟಿರಲಿಲ್ಲ. ಕೆಲಸ ಬಿಟ್ಟಿದ್ದು ಮಂಡಿ. ಎರಡು ಹೊತ್ತು ಮಂಡಿಗೆ ಬಿಸಿನೀರು ಹಾಕಬೇಕೆಂದು ಅವರ ಮಗಳು, ಅಂದರೆ ಯೂನಿಟ್ಟಪ್ಪನವರ ಹೆಂಡತಿ, ಕಟ್ಟುನಿಟ್ಟಾಗಿ ಹೇಳಿದ್ದರು. ಆಕೆ ಆಸ್ಪತ್ರೆಯಲ್ಲಿ ನರ್ಸು. ಗಂಡನ ಮಾತು ಮೀರಬಹುದು, ನರ್ಸಿನ ಮಾತು ಮೀರಲಾಗದು. ಹಾಗಾಗಿ ಗೀಸರಿನ ಕೆಂಪು ದೀಪ ಬೆಳಿಗ್ಗೆ ಸಂಜೆ ಉರಿಯತೊಡಗಿತು. ಯೂನಿಟ್ಟಪ್ಪನವರ ಹೊಟ್ಟೆಯೂ ಅದರ ಜೊತೆಗೇ ಉರಿಯುತ್ತಿತ್ತು.

ಅವರ ಬಚ್ಚಲಮನೆಯ ಗಾಳಿಕಿಂಡಿ ನನ್ನ ಅಂಗಡಿಯ ಹಿಂದಿನ ಅಂಗಳಕ್ಕೆ ತೆರೆಯುತ್ತದೆ. ನಾನು ಕದ್ದು ಕೇಳುವವನಲ್ಲ. ಮಷಿನ್ ನಿಲ್ಲಿಸಿ, ಕಿಟಕಿ ತೆರೆದು, ಸುಮ್ಮನೆ ಕೂತಿರುತ್ತೇನೆ, ಅಷ್ಟೆ. ಅವತ್ತು ಬೆಳಿಗ್ಗೆ ಬಾಗಿಲ ಹೊರಗೆ ನಿಂತು ಯೂನಿಟ್ಟಪ್ಪ ಕೂಗುತ್ತಿದ್ದರು.

"ಅತ್ತೇ! ಒಂದು ಯೂನಿಟ್ ಹೋಯ್ತು!"

ಒಳಗೆ ನೀರು ಸುರಿಯುವ ಸದ್ದು ನಿಂತಿತು.

"ಅಳಿಯಂದ್ರೇ, ಮೊನ್ನೆ ನಿಮ್ಮ ಊಟದ ಡಬ್ಬಿ ಕೊಡೋಕೆ ಆಫೀಸಿಗೆ ಬಂದಿದ್ನಲ್ಲ. ಆಗ ಕೆಳಗಿನ ಟೈಲರ್ರು ನಿಮ್ಮೆದುರಿಗೆ ನಿಂತಿದ್ರು. ಒಂದು ಯೂನಿಟ್ ಜಾಸ್ತಿ ಬಂದಿದೆ ಅಂದಿದ್ದಕ್ಕೆ ಅವರಿಗೇನಂದ್ರಿ?"

"ಏನಂದೆ?"

"'ಒಂದು ಯೂನಿಟ್ ಒಂದು ಲೆಕ್ಕಾನಾ? ಸೊಳ್ಳೆ ರೆಕ್ಕೆ ಬಡಿದ್ರೆ ಅಷ್ಟು ಕರೆಂಟ್ ಹುಟ್ಟುತ್ತೆ' ಅಂದ್ರಿ. ಆಫೀಸಲ್ಲಿ ಸೊಳ್ಳೆ, ಮನೇಲಿ ಆನೆ. ಎರಡರಲ್ಲಿ ಯಾವುದು ಅಂತ ಇವತ್ತು ಹೇಳಿಬಿಡಿ. ಆನೆ ಅಂದ್ರೆ ಟೈಲರ್ ಹತ್ರ ಹೋಗಿ ತಪ್ಪಾಯ್ತು ಅನ್ನಿ. ಸೊಳ್ಳೆ ಅಂದ್ರೆ ನಾನು ಇನ್ನೊಂದು ಬಕೆಟ್ ಹಾಕ್ಕೋತೀನಿ."

ಕೆಳಗೆ ಕೂತಿದ್ದ ನನ್ನ ಕಿವಿ ನೆಟ್ಟಗಾಯಿತು. ಯೂನಿಟ್ಟಪ್ಪನವರಿಗೆ ನನ್ನ ಹತ್ತಿರ ತಪ್ಪಾಯಿತು ಅನ್ನುವುದಕ್ಕಿಂತ ಬಿಸಿನೀರು ಹೋಗುವುದೇ ವಾಸಿ ಅನ್ನಿಸಿರಬೇಕು.

"ಸೊಳ್ಳೇನೇ ಅತ್ತೆ," ಎಂದರು. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಯೂನಿಟ್ ಹೋಯ್ತು ಅಂತಲ್ಲ ನನ್ನ ಬೇಜಾರು, ಶಿಸ್ತು ಹೋಯ್ತಲ್ಲ ಅಂತ. ಒಂದು ಯೂನಿಟ್ ಏನು ಮಹಾ? ಸೈಕಲ್ ತುಳಿದ್ರೆ ನನ್ನ ಈ ಕಾಲಲ್ಲೇ ಹುಟ್ಟಿಸಿಬಿಡ್ತೀನಿ. ಕಾಫಿ ಆರೋದ್ರೊಳಗೆ!"

"ಹುಟ್ಟಿಸಿ," ಎಂದಿತು ಒಳಗಿನ ದನಿ.

ಬಾಗಿಲು ತೆರೆದ ಸದ್ದಾಯಿತು.

"ಭಾನುವಾರ ಒಂದು ಬಕೆಟ್ ನೀರು ನಿಮ್ಮ ಸ್ವಂತ ಕಾಲಲ್ಲಿ ಕಾಯಿಸಿಕೊಡಿ. ಅಲ್ಲೀವರೆಗೆ ಈ ಮನೆಯ ಬಿಸಿನೀರು ನನಗೆ ಬೇಡ. ತಣ್ಣೀರು ಹಾಕ್ಕೋತೀನಿ. ಭಾನುವಾರ ನಿಮ್ಮ ಕೈಲಿ ಆಗದಿದ್ರೆ ಸಂಜೆ ಬಸ್ಸಿಗೆ ಚಿಕ್ಕ ಮಗಳ ಮನೆಗೆ ಹೊರಟೆ. ಅವಳ ಗಂಡ ಏನನ್ನೂ ಎಣಿಸಲ್ಲ."

ಮಧ್ಯಾಹ್ನ ಪಾಳಿಗೆ ಹೊರಟ ಹೆಂಡತಿ ಮೆಟ್ಟಿಲ ಮೇಲೆ ನಿಂತು ತೀರ್ಪಿನ ಉಳಿದ ಭಾಗವನ್ನು ಓದಿದರು. "ರೀ, ಅಮ್ಮ ಆ ಬಸ್ ಹತ್ತಿದ್ರೆ ಪಕ್ಕದ ಸೀಟಲ್ಲಿ ನಾನಿರ್ತೀನಿ. ಆಮೇಲೆ ಮನೆಯ ದೀಪ ಎಲ್ಲಾ ಆರಿಸ್ಕೊಂಡು ನೆಮ್ಮದಿಯಾಗಿರಿ."

ಯೂನಿಟ್ಟಪ್ಪ ಅವತ್ತು ಸಂಜೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂತರು. ಮುಖ ಹುಳ್ಳಗಾಗಿತ್ತು. ಬಿಲ್ಲಿನ ವಿಷಯ ಎತ್ತಬಹುದೇನೋ ಎಂದು ನಾನು ಕಾದೆ. ಎತ್ತಲಿಲ್ಲ.

"ಟೈಲರ್ರೇ, ನಮ್ಮವಳಿಗೆ ಸಂಜೆ ಪಾಳಿ. ಇಷ್ಟು ವರ್ಷ ಆಫೀಸಿಂದ ಬಂದು ಕತ್ತಲೆ ಮನೆ ಬೀಗ ತೆಗೀತಿದ್ದೆ. ಅತ್ತೆ ಬಂದಮೇಲೆ ದೀಪ ಹಾಕ್ಕೊಂಡು ಕಾಯ್ತಾ ಕೂತಿರ್ತಾರೆ. ಬಯ್ಯೋಕೇ ಕಾಯ್ತಿರ್ತಾರೆ. ಆದ್ರೂ ಕಾಯ್ತಾರಲ್ಲ ರೀ."

"ನೀವು ಬಂದ ತಕ್ಷಣ ಏನು ಮಾಡ್ತೀರಿ?"

"ಆ ದೀಪ ಆರಿಸ್ತೀನಿ," ಎಂದರು ತಲೆ ತಗ್ಗಿಸಿ.

ನನಗೆ ಅಯ್ಯೋ ಅನ್ನಿಸಿತು. ನನ್ನ ಸೈಕಲನ್ನು ಕೊಡುತ್ತೇನೆಂದೆ.

ಸೈಕಲ್ ಅಂಗಡಿಯವನು ಬಂದು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಸ್ಟ್ಯಾಂಡಿಗೆ ಬಿಗಿದ. ಗುಜರಿಯಿಂದ ಕಾರಿನ ಹಳೇ ಡೈನಮೋ ಒಂದನ್ನು ತಂದು ಚಕ್ರಕ್ಕೆ ಬೆಲ್ಟ್ ಹಾಕಿದ. ಅದರಿಂದ ಹೊರಟ ತಂತಿಗೆ ನೀರು ಕಾಯಿಸುವ ಸಣ್ಣ ಕಾಯಿಲ್ ಸೇರಿಸಿ ಬಕೆಟ್ಟಿಗೆ ಇಳಿಬಿಟ್ಟ. ಮೂರು ಹೆಜ್ಜೆ ಹಿಂದೆ ಸರಿದು ನೋಡಿ, "ಬಕೆಟ್ ನೀರೇನು ಸಾರ್, ಇದರಲ್ಲಿ ಬೀದಿಗೇ ದೀಪ ಹಾಕಬಹುದು" ಎಂದ. ಈ ಮಾತು ಆಡಬಾರದಿತ್ತು. ಬೀದಿಯಲ್ಲಿ ಸುದ್ದಿ ಹಬ್ಬಲು ಕರೆಂಟು ಬೇಕಾಗಿಲ್ಲ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತಾರು ಜನ ಫೋನ್ ಚಾರ್ಜ್ ಮಾಡಿಕೊಳ್ಳಲು ಸಾಲಾಗಿ ನಿಂತಿದ್ದರು. ಬೇಕರಿಯವನು ಒಲೆಗೆ ಒಂದು ತಂತಿ ಎಳೆದುಕೊಳ್ಳಬಹುದೇ ಎಂದು ವಿಚಾರಿಸಿದ. ಮನೆ ಮಾಲೀಕರು ಬಂದು, ಬಾಡಿಗೆ ಕರಾರಿನಲ್ಲಿ ವಾಸಕ್ಕೆ ಎಂದಿದೆಯೇ ಹೊರತು ಉತ್ಪಾದನೆಗೆ ಎಂದಿಲ್ಲ, ಎಂದರು. ಅವರಿಗೊಂದು ಕುರ್ಚಿ ಹಾಕಿದ ಮೇಲೆ ಕರಾರು ಮರೆತರು.

ಅತ್ತೆ ಒಂದೊಂದೇ ಮೆಟ್ಟಿಲು ಇಳಿದು ಬಂದರು. ವಾರವಿಡೀ ತಣ್ಣೀರು ಹಾಕಿಕೊಂಡು ಮಂಡಿ ಊದಿತ್ತು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಒಂದು ಲೋಟ ಕಾಫಿ. ಲೋಟವನ್ನು ಸೈಕಲಿನ ಮುಂದಿದ್ದ ಸ್ಟೂಲಿನ ಮೇಲಿಟ್ಟರು. "ಆರೋದ್ರೊಳಗೆ ಅಂದಿದ್ರಲ್ಲ," ಎಂದು ಹೇಳಿ ಕೂತರು. ಪಕ್ಕದಲ್ಲಿ ಅವರ ಸೂಟ್‌ಕೇಸ್ ಇತ್ತು.

ಯೂನಿಟ್ಟಪ್ಪ ಪ್ಯಾಂಟ್ ಮಡಚಿ ಸೈಕಲ್ ಏರಿದರು. ಮೊದಲ ಸುತ್ತುಗಳಲ್ಲಿ ಗಾಂಭೀರ್ಯವಿತ್ತು. ಅಕ್ಕಪಕ್ಕ ನೋಡಿ ನಕ್ಕರು. ಒಂದು ಕೈ ಬಿಟ್ಟು ತುಳಿದರು. ಕಾಫಿಯಿಂದ ಹಬೆ ಬರುವುದು ನಿಂತಿತು. ನಗು ನಿಂತಿತು. ಕಾಫಿಯ ಮೇಲೆ ಕೆನೆ ಕಟ್ಟಿತು. ಬನಿಯನ್ ಮೈಗೆ ಅಂಟಿತು. ಕಾಫಿಯಲ್ಲಿ ನೊಣವೊಂದು ಬಿದ್ದು, ಸ್ವಲ್ಪ ಹೊತ್ತು ಕಾಲಾಡಿಸಿ, ಪ್ರಯತ್ನ ಬಿಟ್ಟಿತು. ಯೂನಿಟ್ಟಪ್ಪ ಅದನ್ನೇ ನೋಡುತ್ತಾ ತುಳಿಯುತ್ತಿದ್ದರು.

ಎರಡು ಗಂಟೆ ಕಳೆದ ಮೇಲೆ ನಾನು ಬಕೆಟ್ಟಿಗೆ ಕೈ ಹಾಕಿ ನೋಡಿದೆ.

"ಹೇಗಿದೆ?" ಎಂದರು ಏದುಸಿರಿನಲ್ಲಿ.

"ಒದ್ದೆಯಾಗಿದೆ," ಎಂದೆ. ಸುಳ್ಳು ಹೇಳುವುದು ನನ್ನ ಸ್ವಭಾವವಲ್ಲ.

ಆ ಹೊತ್ತಿಗೆ ಜನ ದಾರಿ ಬಿಟ್ಟರು. ವಿದ್ಯುತ್ ಕಚೇರಿಯ ಇಂಜಿನಿಯರ್ ಸಾಹೇಬರು, ಅಂದರೆ ಯೂನಿಟ್ಟಪ್ಪನವರ ಮೇಲಧಿಕಾರಿ, ಭಾನುವಾರವೂ ಕೋಟು ಹಾಕಿಕೊಂಡು ಬಂದಿದ್ದರು. ಯಾರೋ ಪುಣ್ಯಾತ್ಮರು ಫೋನ್ ಮಾಡಿ, ನಿಮ್ಮ ಗುಮಾಸ್ತರು ಹಿತ್ತಲಲ್ಲಿ ಕಳ್ಳ ಕರೆಂಟು ತಯಾರಿಸುತ್ತಿದ್ದಾರೆ ಎಂದಿದ್ದರಂತೆ.

"ಇದೇನ್ರೀ ಇದು?"

"ಉತ್ಪಾದನೆ ಸರ್," ಎಂದರು ಯೂನಿಟ್ಟಪ್ಪ, ತುಳಿಯುವುದನ್ನು ನಿಲ್ಲಿಸದೆ. ಮೇಲಧಿಕಾರಿ ಬಂದರೆ ಎದ್ದು ನಿಲ್ಲುವುದು ಅವರ ಪದ್ಧತಿ. ಆದ್ದರಿಂದ ಪೆಡಲಿನ ಮೇಲೇ ಎದ್ದು ನಿಂತು ತುಳಿದರು.

"ಉತ್ಪಾದನೆಗೆ ಅನುಮತಿ ಬೇಕು. ಉದ್ದೇಶ ಏನು? ಗೃಹಬಳಕೆಯೋ, ವಾಣಿಜ್ಯವೋ?"

"ಅತ್ತೆಯ ಸ್ನಾನ ಸರ್."

ಸಾಹೇಬರು ತಮ್ಮ ಸರ್ವೀಸಿನ ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದರು. ಅತ್ತೆಯ ಸ್ನಾನಕ್ಕೆ ಎಲ್ಲೂ ಜಾಗ ಸಿಗಲಿಲ್ಲ. ನಿಯಮದಲ್ಲಿ ಇಲ್ಲದ್ದನ್ನು ಅಳೆದಾದರೂ ನೋಡಬೇಕೆಂದು ಜೀಪಿನಿಂದ ಅಳೆಯುವ ಯಂತ್ರ ತಂದು ತಂತಿಗೆ ಸಿಕ್ಕಿಸಿದರು. ಕೈಗಡಿಯಾರ ಹಿಡಿದು ಸ್ವಲ್ಪ ಹೊತ್ತು ನೋಡಿ, ಎರಡು ಗಂಟೆಗೆ ಹೀಗೇ ಗುಣಿಸಿ, ಹೇಳಿದರು.

"ಇಲ್ಲೀವರೆಗೆ ಸೊನ್ನೆ ಬಿಂದು ಸೊನ್ನೆ ಎಂಟು."

"ಎಂಟು ಯೂನಿಟ್!" ಎಂದು ಬೇಕರಿಯವನು ಚಪ್ಪಾಳೆ ತಟ್ಟಿದ.

"ಎಂಟಲ್ಲಪ್ಪ. ಒಂದು ಯೂನಿಟ್ಟನ್ನ ನೂರು ಚೂರು ಮಾಡಿದ್ರೆ ಅದರಲ್ಲಿ ಎಂಟು ಚೂರು."

ಯೂನಿಟ್ಟಪ್ಪನವರ ಕಾಲು ನಿಂತಿತು. ಆಮೇಲೆ ಇಡೀ ಬೀದಿಗೆ ಕೇಳುವಂತೆ, ತಮ್ಮ ಇಷ್ಟು ವರ್ಷಗಳ ನೌಕರಿಯಲ್ಲಿ ಯಾವತ್ತೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು.

"ಸರ್, ಒಂದು ಯೂನಿಟ್ ಅಂದ್ರೆ ಏನು ಸರ್?"

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನೀವು ಕೇಳ್ತಿದೀರಾ?"

"ಬರೆಯೋದು ಗೊತ್ತು ಸರ್. ಕೂಡೋದು, ಕಳೆಯೋದು ಗೊತ್ತು. ಏನು ಅಂತ ಗೊತ್ತಿಲ್ಲ."

"ಸಾವಿರ ವಾಟಿನ ಕೆಲಸ ಒಂದು ಗಂಟೆ ನಡೆದ್ರೆ ಒಂದು ಯೂನಿಟ್. ನೀವು ಈಗ ಕೊಡ್ತಿರೋದು ನಲವತ್ತು ವಾಟ್. ಹೀಗೇ ತುಳಿದ್ರೆ ಇಪ್ಪತ್ತೈದು ಗಂಟೆ ಬೇಕು."

"ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ ಇರೋದು ಸರ್."

"ಹೌದು. ಅದು ನಮ್ಮ ಇಲಾಖೆ ಕೈಲಿಲ್ಲ."

ಕೂಡಲೇ ಅಂಗಳದಲ್ಲಿ ಎರಡು ಪಕ್ಷಗಳಾದವು. ಬೇಕರಿಯವನದು ಜೋರಿನ ಪಕ್ಷ. ಪ್ರಾಣ ಹೋದರೂ ಸರಿ, ಜೋರಾಗಿ ತುಳಿದು ಮುಗಿಸಿಬಿಡಬೇಕು ಎಂದು. ಪ್ರಾಣ ಯೂನಿಟ್ಟಪ್ಪನವರದಾದ್ದರಿಂದ ಅವನಿಗೆ ಧೈರ್ಯವಿತ್ತು. ಮನೆ ಮಾಲೀಕರದು ನಿಧಾನದ ಪಕ್ಷ. ಯೂನಿಟ್ಟಪ್ಪ ಮೊದಲು ಜೋರಿನ ಪಕ್ಷ ಸೇರಿ, ಹಲ್ಲು ಕಚ್ಚಿ ತುಳಿದರು. ಯಂತ್ರದ ಮುಳ್ಳು ಸರ್ರನೆ ಏರಿತು. ಜನ ಹೋ ಎಂದರು. ನಾಲ್ಕು ನಿಮಿಷಕ್ಕೆ ಯೂನಿಟ್ಟಪ್ಪ ಹ್ಯಾಂಡಲ್ ಮೇಲೆ ಮುಖ ಅಡಿಯಾಗಿ ಬಿದ್ದರು. ಅವರನ್ನು ಎಬ್ಬಿಸಿ ನೀರು ಕುಡಿಸಲು ಹತ್ತು ನಿಮಿಷ ಹಿಡಿಯಿತು.

"ಜೋರು ಅನ್ನೋದು ಬೇರೆ, ಒಟ್ಟು ಅನ್ನೋದು ಬೇರೆ," ಎಂದು ಸಾಹೇಬರು ಜನರಿಗೆ ವಿವರಿಸಲು ನೋಡಿದರು. "ಜೋರು ಎಷ್ಟು ಅನ್ನೋದು ಸಾಮರ್ಥ್ಯ. ಒಟ್ಟು ಎಷ್ಟಾಯ್ತು ಅನ್ನೋದು ಶಕ್ತಿ. ನಾವು ಬಿಲ್ ಹಾಕೋದು ಒಟ್ಟಿಗೆ." ಯಾರ ಮುಖದಲ್ಲೂ ಏನೂ ಕಾಣಲಿಲ್ಲ.

ಅತ್ತೆ ಕುರ್ಚಿಯಿಂದಲೇ ಹೇಳಿದರು. "ಆ ಮೆಟ್ಟಿಲು ಹತ್ತೋಕೆ ನನಗೆ ಕಾಲು ಗಂಟೆ, ನನ್ನ ಮಗಳಿಗೆ ಕಾಲು ನಿಮಿಷ. ಮೇಲೆ ಹೋದಮೇಲೆ ಇಬ್ಬರೂ ಇರೋದು ಅದೇ ಮನೇಲಿ. ಹಾಗೇನಾ?"

"ಹಾಗೇ ಅಮ್ಮ!" ಎಂದರು ಸಾಹೇಬರು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, "ಬಕೆಟ್ಟಿನ ಅರ್ಧ ನೀರು ಚೆಲ್ಲಿ! ಅರ್ಧ ನೀರಾದ್ರೆ ಅಷ್ಟೇ ಶಾಖಕ್ಕೆ ಎರಡರಷ್ಟು ಕಾಯುತ್ತೆ. ಹೂಂ, ನಿಧಾನ, ಒಂದೇ ಸಮ ತುಳೀರಿ!" ಎಂದು ಸೈಕಲಿನ ಪಕ್ಕದಲ್ಲೇ ಕೂತುಬಿಟ್ಟರು. ಬಕೆಟ್ಟಿನ ಬಾಯಿಗೆ ತಾವೇ ಒಂದು ತಟ್ಟೆ ಮುಚ್ಚಿದರು. ಅನುಮತಿಯ ಮಾತು ಮತ್ತೆ ಬರಲಿಲ್ಲ.

ಮಧ್ಯಾಹ್ನ ಯೂನಿಟ್ಟಪ್ಪ ಎರಡು ತುತ್ತು ಉಣ್ಣಲು ಇಳಿದಾಗ ನಾನು ಸೈಕಲ್ ಏರಿದೆ. ಸ್ವಂತ ಕಾಲಿನದೇ ಆಗಬೇಕೆಂದು ಅತ್ತೆಯ ಷರತ್ತಿತ್ತು, ನಿಜ. ನಾನು ಏರಿದ್ದು ಬರೀ ಪ್ರದರ್ಶನಕ್ಕೆ. ಇಷ್ಟು ವರ್ಷ ಮಷಿನ್ ತುಳಿದ ಕಾಲು ಏನೆಂಬುದನ್ನು ಬೀದಿ ನೋಡಲಿ ಎಂದು. ಯಂತ್ರದ ಮುಳ್ಳು ಇಪ್ಪತ್ತರ ಹತ್ತಿರ ಸ್ವಲ್ಪ ಹೊತ್ತು ಅನುಮಾನಿಸಿ ಕೆಳಗಿಳಿಯಿತು. ತಂತಿಯಲ್ಲಿ ಏನೋ ದೋಷವಿತ್ತು. ನಾನು ಇಳಿದ ಮೇಲೆ ಅದು ತಾನಾಗಿ ಸರಿಹೋಯಿತು.

ಊಟವಾದ ಮೇಲೆ ಜನ ಕರಗಿದರು. ಫೋನಿನವರು ಮನೆಗೆ ಹೋಗಿ ಗೋಡೆಗೆ ಸಿಕ್ಕಿಸಿಕೊಂಡರು. ಬೇಕರಿಯವನು ಒಲೆ ಹೊತ್ತಿಸಲು ಹೋದ. ಉಳಿದವರು ಸಾಹೇಬರು, ಮನೆ ಮಾಲೀಕರು, ನಾನು, ತಾಯಿ ಮಗಳು. ಯೂನಿಟ್ಟಪ್ಪ ತುಳಿಯುತ್ತಿದ್ದರು. ಈಗ ಅವರು ಯಾರನ್ನೂ ನೋಡುತ್ತಿರಲಿಲ್ಲ. ಕಣ್ಣು ಸೂಟ್‌ಕೇಸಿನ ಮೇಲಿತ್ತು. ತುಟಿ ಒಣಗಿ ಬಿರಿದಿತ್ತು. ಹೆಂಡತಿ ಎರಡು ಸಲ ಬಂದು ಅವರ ನಾಡಿ ಹಿಡಿದು ನೋಡಿದರು. ಮೂರನೇ ಸಲ, "ಸಾಕು ಇಳೀರಿ. ನಾನು ಎಲ್ಲೂ ಹೋಗಲ್ಲ," ಎಂದರು.

"ಅತ್ತೆ?" ಎಂದರು ಯೂನಿಟ್ಟಪ್ಪ.

ಹೆಂಡತಿ ತಾಯಿಯ ಕಡೆ ನೋಡಿದರು. ತಾಯಿ ಸೂಟ್‌ಕೇಸನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಯೂನಿಟ್ಟಪ್ಪ ಇಳಿಯಲಿಲ್ಲ.

ಸಂಜೆ ಬೀದಿಯ ತುದಿಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಸಾಹೇಬರು ಯಂತ್ರ ನೋಡಿ, "ಸೊನ್ನೆ ಬಿಂದು ಮೂರು," ಎಂದು ಪಿಸುಗುಟ್ಟಿದರು. ನಾನು ಬಕೆಟ್ಟಿಗೆ ಕೈ ಹಾಕಿದೆ. ತಣ್ಣಗಿಲ್ಲ ಎಂದು ಧಾರಾಳವಾಗಿ ಹೇಳಬಹುದಿತ್ತು. ಬಿಸಿ ಎನ್ನಲು ಸ್ವಲ್ಪ ದಾಕ್ಷಿಣ್ಯ ಬೇಕಿತ್ತು.

ನಾನೂ ಸಾಹೇಬರೂ ಸೇರಿ ಯೂನಿಟ್ಟಪ್ಪನವರನ್ನು ಸೈಕಲಿನಿಂದ ಎತ್ತಿದೆವು. ಎತ್ತಿದ ಮೇಲೂ ಅವರ ಕಾಲುಗಳು ಗಾಳಿಯಲ್ಲಿ ತುಳಿಯುತ್ತಲೇ ಇದ್ದವು. ನೆಲಕ್ಕೆ ಬಿಟ್ಟರೆ ಎಲ್ಲಿಗಾದರೂ ಹೊರಟುಬಿಡುತ್ತಾರೋ ಎಂದು ಹೆದರಿ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆವು. ಅಷ್ಟು ಎತ್ತರದಿಂದಲೇ ಅವರು ಅತ್ತೆಗೆ ಹೇಳಿದರು.

"ಅತ್ತೆ, ಒಂದು ಬಕೆಟ್ ಆಗಲಿಲ್ಲ. ಅರ್ಧ. ಅದೂ ಪೂರ್ತಿ ಕಾದಿಲ್ಲ. ಒಂದು ಯೂನಿಟ್ ಸೊಳ್ಳೆಯಲ್ಲ. ಟೈಲರ್ರ ಹತ್ರ ತಪ್ಪಾಯ್ತು ಅಂತೀನಿ. ನೀವು ಹೋಗಬೇಡಿ."

ಅತ್ತೆ ಬಕೆಟ್ಟಿಗೆ ಬೆರಳದ್ದಿ ನೋಡಿದರು. ಅಳಿಯನ ಮಂಡಿ ನೋಡಿದರು. ಅದು ಅವರದಕ್ಕಿಂತ ದಪ್ಪಗೆ ಊದಿತ್ತು.

"ಇವರನ್ನ ಕುರ್ಚಿ ಮೇಲೆ ಕೂರಿಸಿ."

ಕೂರಿಸಿದೆವು. ಅತ್ತೆ ಬಕೆಟ್ಟನ್ನು ಕಾಲಿನಿಂದ ಅವರ ಮುಂದಕ್ಕೆ ತಳ್ಳಿದರು.

"ಕಾಲಿಡಿ ಅದರಲ್ಲಿ."

"ಅತ್ತೆ, ಅದು ನಿಮ್ಮ ಸ್ನಾನಕ್ಕೆ..."

"ಕಾಲಿಡಿ ಅಂದೆ."

ಹಾಸ್ಟೆಲನ್ನು ಆಳಿದ ದನಿ. ಯೂನಿಟ್ಟಪ್ಪನವರ ಎರಡು ಕಾಲೂ ಸೇರಿ, ಇನ್ನೂ ತುಳಿಯುತ್ತಲೇ, ಬಕೆಟ್ಟಿನೊಳಗೆ ಹೋದವು. ಆಮೇಲೆ ನಿಧಾನವಾಗಿ ಸುಮ್ಮನಾದವು. ಯೂನಿಟ್ಟಪ್ಪ ಕಣ್ಣು ಮುಚ್ಚಿ "ಹಾ..." ಎಂದರು.

"ಅಮ್ಮ, ಬಸ್ಸು," ಎಂದರು ಮಗಳು.

"ಯಾವ ಬಸ್ಸು? ಎದ್ದು ನಿಲ್ಲೋಕಾಗದ ಗಂಡಸನ್ನ ಬಿಟ್ಟು ಹೋಗ್ತಾರೇನೇ ಯಾರಾದ್ರೂ? ಸೂಟ್‌ಕೇಸ್ ಮೇಲೆ ತಗೊಂಡು ಬಾ." ಅಳಿಯನ ಕಡೆ ತಿರುಗಿ, "ನಾನು ಸ್ನಾನ ಮುಗಿಸಿ ಬರೋವರೆಗೆ ಕಾಲು ತೆಗೀಬೇಡಿ" ಎಂದರು.

ಅತ್ತೆ ಕಾಲು ಗಂಟೆ ಮೆಟ್ಟಿಲು ಹತ್ತಿದರು. ಮೇಲೆ ಗೀಸರಿನ ಸ್ವಿಚ್ ಟಕ್ ಎಂದಿತು. ಬಹಳ ಹೊತ್ತು ಕಾದು, ಗಾಳಿಕಿಂಡಿಯಿಂದ ನೀರು ಸುರಿಯುವ ಸದ್ದು ಬಂತು. ಒಂದು ಬಕೆಟ್ ಆಯಿತು. ಎರಡನೆಯದು ಶುರುವಾಯಿತು. ನಾನು ಯೂನಿಟ್ಟಪ್ಪನವರ ಮುಖ ನೋಡಿದೆ, ಸಾಹೇಬರೂ ನೋಡಿದರು. ಅವರು ಗಾಳಿಕಿಂಡಿಯತ್ತ ತಲೆಯೆತ್ತಿದರು.

"ಅತ್ತೇ! ಮಂಡಿಗೆ ಚೆನ್ನಾಗಿ ಹಾಕ್ಕೊಳ್ಳಿ!"

ಈಗ ಅವರ ಮನೆಯಲ್ಲಿ ಸಂಜೆಯ ದೀಪವನ್ನು ಯಾರೂ ಆರಿಸುವುದಿಲ್ಲ. ಕಥೆ ಇಲ್ಲಿಗೇ ಮುಗಿದಿದ್ದರೆ ನನಗೂ ಸಂತೋಷವೇ. ಆದರೆ ಮುಂದಿನ ತಿಂಗಳು ನನ್ನ ಬಿಲ್ಲಿನಲ್ಲಿ ಎಂದಿನಂತೆ ಒಂದು ಯೂನಿಟ್ ಜಾಸ್ತಿ ಬಂತು. ನಾನು ಕೌಂಟರಿಗೆ ಹೋದೆ. ಇಷ್ಟೆಲ್ಲ ಆದ ಮೇಲೆ ಅವರನ್ನು ಪೀಡಿಸಲು ಮನಸ್ಸಾಗಲಿಲ್ಲ.

"ಒಂದು ಯೂನಿಟ್ ಜಾಸ್ತಿ ಇದೆ ಸಾರ್. ಹೋಗ್ಲಿ ಬಿಡಿ, ಒಂದು ಯೂನಿಟ್ ತಾನೇ," ಎಂದೆ.

ಯೂನಿಟ್ಟಪ್ಪ ಪೆನ್ನು ಕೆಳಗಿಟ್ಟರು. ಎರಡು ಕೈಯನ್ನೂ ಮೇಜಿನ ಮೇಲೆ ಊರಿ, ಮಂಡಿ ಕಟಕಟ ಅನ್ನಿಸುತ್ತಾ ಎದ್ದು ನಿಂತರು. "ಒಂದು ಯೂನಿಟ್ ತಾನೇನಾ? ಬಿಡಬೇಕಾ? ಒಂದು ಯೂನಿಟ್ ಅಂದ್ರೆ ಏನು ಅಂತ ಗೊತ್ತೇನ್ರೀ ನಿಮಗೆ? ನಡೀರಿ!" ಎಂದು, ಕೌಂಟರ್ ಮುಚ್ಚಿ, ಕುಂಟುತ್ತಾ ನನ್ನ ಅಂಗಡಿಯವರೆಗೂ ಬಂದರು. ಸ್ಟೂಲ್ ಹಾಕಿಕೊಂಡು ಮೀಟರ್ ಓದಿದರು. ಕೆಳಗಿಳಿದು ಮೊದಲಿಂದ ಲೆಕ್ಕ ಹಾಕಿದರು. ಮತ್ತೆ ಹತ್ತಿ ಮತ್ತೆ ಓದಿದರು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ನೀವು ಹೇಳಿದ್ದು ಸರಿ ಟೈಲರ್ರೇ. ಲೆಕ್ಕ ತಪ್ಪಾಗಿದೆ," ಎಂದರು. "ಮೂರು ಯೂನಿಟ್ ಕಡಿಮೆ ಬಿದ್ದಿದೆ."

ಅಲ್ಲೇ ಸೇರಿಸಿ ಬರೆದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಮೂರು ಯೂನಿಟ್ ಅಂದ್ರೆ ಹತ್ತು ಭಾನುವಾರ ಕಣ್ರೀ. ಯಾರೋ ತುಳಿದಿದಾರೆ."

ನಾನು ಸುಮ್ಮನೆ ದುಡ್ಡು ಕಟ್ಟಿದೆ.